ಒಂದು ಊರಿಗೆ ಒಬ್ಬ ದರ್ಬೋನಿ

ನನ್ನ ಗಂಡ ವಿಜೀಲ್ಯೋ ದರ್ಬೋನಿ ಫೆಬ್ರವರಿಯಲ್ಲಿ ಸತ್ತ. ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಚಾಕುಗಳಿಗೆ ಸಾಣೆ ಹಿಡಿಯುವವನು. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಮಣ್ಣು ಮಾಡಿದ ವಾರದಲ್ಲೇ ಕವೆಂಟ್ರಿಯಿಂದ ಅವನ ಚಿಕ್ಕಪ್ಪನ ಮಗ ಫೌಸ್ತೊ ಫೋನ್ ಮಾಡಿದ.

"ಅತ್ತಿಗೆ, ಹೇಗಿದೀರಿ?"

"ಹೇಗಿರ್ತಾರೆ?"

"ಅದೂ ಸರಿ ಅನ್ನಿ. ಬರೋ ಭಾನುವಾರ ಎಲ್ಲಾರೂ ಬರ್ತಿದೀವಿ. ಊರಿನ ವಿಷಯ."

"ಯಾವ ಊರು?"

"ನಿಮ್ಮೂರೇ. ಲೆಸ್ಟರ್. ಇನ್ಮೇಲೆ ಯಾರಿಗೆ ಅಂತ ಕೂತು ಮಾತಾಡ್ಬೇಕಲ್ಲ."

ಫೋನ್ ಇಟ್ಟೆ. ಹಿತ್ತಲ ಶೆಡ್ಡಿನಲ್ಲಿ ಕಲ್ಲು ತಿರುಗುವ ಸದ್ದು ಕೇಳುತ್ತಿತ್ತು. ನನ್ನ ಮಗಳು ಫ್ಲಾವಿಯಾ ಮಾರನೆಯ ದಿನದ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಾಗಿನಿಂದ ವ್ಯಾನ್ ಓಡಿಸಿಕೊಂಡು ಅಂಗಡಿಗಳ ಸುತ್ತು ಹೋಗುತ್ತಿದ್ದವಳು ಅವಳೇ. ಇನ್ನು ಮುಂದೆಯೂ ತಾನೇ ಹೋಗುವುದು ಎಂದುಕೊಂಡಿದ್ದಳು. ಆದರೆ ಮದುವೆಯಾದ ಮೇಲೆ ಅವಳು ಫ್ಲಾವಿಯಾ ಪೆಗ್. ಊರು ದರ್ಬೋನಿ ಹೆಸರಿನವರಿಗೆ ಮಾತ್ರ ಸಲ್ಲುತ್ತದೆ. ಅದು ನಮ್ಮ ಪದ್ಧತಿ.

ಪದ್ಧತಿ ಹೇಳಬೇಕಾದರೆ ಹೆಸರಿನಿಂದ ಶುರು ಮಾಡಬೇಕು. ಉತ್ತರ ಇಟಲಿಯ ರೆಂದೇನಾ ಕಣಿವೆಯಲ್ಲಿ, ನನ್ನ ತವರೂರಿನ ಮೇಲ್ಗಡೆ, ಬಂಡೆಯ ನೆರಳಿನಲ್ಲಿ ದರ್ಬೋನ್ ಎಂಬ ಹಟ್ಟಿ ಇತ್ತು. ನಾಲ್ಕಾರು ಮನೆ, ಒಂದು ನೀರಿನ ತೊಟ್ಟಿ. ಚಳಿಗಾಲವಿಡೀ ಅಲ್ಲಿ ಬಿಸಿಲು ಬೀಳುವುದಿಲ್ಲ. ಅಲ್ಲಿಂದ ಇಳಿದು ಬಂದವರನ್ನು ಕೆಳಗಿನವರು ದರ್ಬೋನಿಗಳು ಎಂದರು. ಹೆಸರಿನ ಕಥೆ ಅಷ್ಟೇ. "ದರ್ಬೋನಿಗೆ ಹೆಣ್ಣು ಕೊಟ್ಟರೆ ಜೊತೆಗೆ ದೀಪವನ್ನೂ ಕೊಡಬೇಕು, ಮಧ್ಯಾಹ್ನಕ್ಕೂ ಬೇಕಾಗುತ್ತದೆ" ಎಂದು ನನ್ನ ಅಪ್ಪ ಆಡಿಕೊಳ್ಳುತ್ತಿದ್ದ. ಕೊನೆಗೆ ಅವನೇ ಕೊಟ್ಟ. ದೀಪ ಕೊಡಲಿಲ್ಲ.

ಈಗ ದರ್ಬೋನಿನಲ್ಲಿ ಗಿಡಗಂಟಿ ಬೆಳೆದಿದೆ. ಕಣಿವೆಯಲ್ಲೂ ಆ ಹೆಸರಿನವರು ಮುಗಿದರು. ಇರುವುದು ಬ್ರಿಟನ್ನಿನಲ್ಲಿ. ಹಲ್ ಊರಿನಲ್ಲಿ ಒಂದು ಮನೆ, ಕವೆಂಟ್ರಿಯಲ್ಲಿ ಒಂದು, ನ್ಯೂಪೋರ್ಟಿನಲ್ಲಿ ಒಂದು, ಡಂಡೀಯಲ್ಲಿ ಒಂದು, ಲೆಸ್ಟರಿನಲ್ಲಿ ನಾವು. ಯಾವ ಊರಿನಲ್ಲೂ ಎರಡಿಲ್ಲ. ಗಾಳಿಗೆ ಬೀಜ ಹಾರಿ ಬಿದ್ದಂತೆ ಆದದ್ದಲ್ಲ ಇದು. ಅಂತರ ಬಿಟ್ಟು ನೆಟ್ಟದ್ದು.

ನಮ್ಮ ಕಣಿವೆಯ ಗಂಡಸರು ಹಿಂದಿನಿಂದಲೂ ಸಾಣೆಯವರು. ಹಿಮ ಬೀಳುವ ಮೊದಲು ಸಾಣೆಯ ಗಾಡಿ ತಳ್ಳಿಕೊಂಡು ಹೊರಟುಬಿಡುತ್ತಿದ್ದರು. ದರ್ಬೋನಿಗಳಲ್ಲಿ ಮೊದಲು ಲಂಡನ್ನಿಗೆ ಬಂದವರು ಇಬ್ಬರು, ಒಡಹುಟ್ಟಿದ ಅಣ್ಣತಮ್ಮಂದಿರು. ಒಂದೇ ಬೀದಿಯ ಒಂದೇ ಮಾಂಸದ ಅಂಗಡಿಗೆ ಇಬ್ಬರೂ ಹೋದರು. ನಾನು ಕಡಿಮೆಗೆ ಮಾಡುತ್ತೇನೆ ಎಂದ ಒಬ್ಬ. ಅದಕ್ಕಿಂತ ಕಡಿಮೆಗೆ ಎಂದ ಇನ್ನೊಬ್ಬ. ಬೀದಿಯಲ್ಲೇ ಹೊಡೆದಾಡಿದರು. ಒಬ್ಬನ ಕಿವಿ ಹರಿಯಿತು. ಆಗಸ್ಟಿನಲ್ಲಿ ಊರಿಗೆ ಬಂದಾಗ ಅವರ ತಾಯಿ ಇಬ್ಬರಿಗೂ ಊಟ ಹಾಕಲಿಲ್ಲ. "ಒಂದು ಊರಿಗೆ ಒಬ್ಬ. ಇನ್ನೊಬ್ಬನ ಊರಲ್ಲಿ ಕಲ್ಲು ತಿರುಗಿಸಿದವನಿಗೆ ನನ್ನ ಮನೇಲಿ ಮುದ್ದೆ ಇಲ್ಲ" ಎಂದಳು. ಮುದ್ದೆಯೆಂದರೆ ಮೆಕ್ಕೆಜೋಳದ್ದು. ಅವಳ ಮಾತು ಹಾಗೇ ನಿಂತಿತು. ಲಂಡನ್ ಇಬ್ಬರಿಗೂ ಇಲ್ಲವಾಯಿತು. ಒಬ್ಬ ಹಲ್‌ಗೆ ಹೋದ, ಇನ್ನೊಬ್ಬ ಲೆಸ್ಟರಿಗೆ. ಆಮೇಲೆ ಬಂದವರು ಉಳಿದ ಊರುಗಳನ್ನು ಹಿಡಿದರು. ಮಕ್ಕಳು ಅಪ್ಪನ ಸುತ್ತಿಗೇ ಸೇರಬೇಕು, ಇಲ್ಲವೇ ಬೇರೆ ಊರು, ಇಲ್ಲವೇ ಬೇರೆ ಕಸುಬು.

ವಿಜೀಲ್ಯೋ ಲೆಸ್ಟರಿಗೆ ಬಂದದ್ದು ಮಹಾಯುದ್ಧ ಮುಗಿದ ಮೇಲೆ. ಇಲ್ಲಿ ಅವನ ದೊಡ್ಡಪ್ಪ ಸೆವೆರೀನೊ ಇದ್ದ. ಯುದ್ಧ ಶುರುವಾದಾಗ ಇಟಲಿಯವನೆಂದು ಪೊಲೀಸರು ಅವನನ್ನು ಹಿಡಿದು ದ್ವೀಪವೊಂದರಲ್ಲಿ ಇಟ್ಟಿದ್ದರು. ವಾಪಸು ಬಂದಾಗ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಈ ಕೆಲಸ ಆಗುವುದಿಲ್ಲ. ಮಕ್ಕಳಿರಲಿಲ್ಲ. ತಮ್ಮನ ಮಗನನ್ನು ಕರೆಸಿಕೊಂಡ. ಸೆವೆರೀನೊ ಸತ್ತ ಮೇಲೆ ಊರು ವಿಜೀಲ್ಯೋನದಾಯಿತು. ಮುಂದಿನ ಆಗಸ್ಟಿನಲ್ಲಿ ಕಣಿವೆಗೆ ಬಂದು ನನ್ನನ್ನು ಕೇಳಿದ. ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು, ಆಗಲೂ ಮೇಕೆ ಕಾಯುತ್ತಿದ್ದೆ.

"ಲೆಸ್ಟರಿನಲ್ಲಿ ಏನಿದೆ?" ಎಂದು ಕೇಳಿದೆ.

"ಮೊಂಡು ಚಾಕುಗಳಿವೆ" ಎಂದ.

ಅದಕ್ಕೇ ಒಪ್ಪಿದೆ. ಬೇರೆಯವರು ಬಂದಿದ್ದರೆ ಅರಮನೆಯಿದೆ ಎನ್ನುತ್ತಿದ್ದರು.

ಕೆಲಸ ಹೀಗೆ. ಪ್ರತಿ ಮಾಂಸದ ಅಂಗಡಿಗೂ ಹೋಟೆಲಿಗೂ ಎರಡು ಜೊತೆ ಚಾಕು. ಒಂದು ಜೊತೆ ಅಲ್ಲಿ, ಇನ್ನೊಂದು ನಮ್ಮ ಶೆಡ್ಡಿನಲ್ಲಿ. ವಾರಕ್ಕೊಮ್ಮೆ ಹೋಗಿ ಹರಿತವಾದದ್ದನ್ನು ಕೊಟ್ಟು ಮೊಂಡಾದದ್ದನ್ನು ತರುವುದು. ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿರಬೇಕು. ಬೂದು ಬಣ್ಣದ ಕೆಸರು ಅಂಗಿಗೆ ಸಿಡಿಯುತ್ತದೆ. ಎಷ್ಟು ಒಗೆದರೂ ಹೋಗುವುದಿಲ್ಲ. ಅಲಗು ಹರಿತವಾಯಿತೋ ಎಂದು ಅವನು ಎಡ ಮುಂಗೈಯ ಕೂದಲ ಮೇಲೆ ಎಳೆದು ನೋಡುತ್ತಿದ್ದ. ಅಲ್ಲಿ ಕೂದಲು ಬೆಳೆದದ್ದನ್ನು ನಾನು ಅವನ ಕೊನೆಯ ಚಳಿಗಾಲದಲ್ಲಿ ಮೊದಲು ನೋಡಿದೆ.

ಈ ದೇಶದಲ್ಲಿ ಇಟಲಿಯವನೆಂದರೆ ಐಸ್‌ಕ್ರೀಮ್ ಮಾರುವವನು. ವ್ಯಾನ್ ನಿಲ್ಲಿಸಿದರೆ ಮಕ್ಕಳು ಓಡಿ ಬರುತ್ತಿದ್ದವು. ಮಾರ್ಕೆಟ್ಟಿನ ಮಾಂಸದವನೊಬ್ಬ ಪ್ರತಿ ವಾರವೂ ತಪ್ಪದೆ ಕೇಳುತ್ತಿದ್ದ, "ಏನಯ್ಯಾ, ಇವತ್ತು ಯಾವ ಐಸ್‌ಕ್ರೀಮ್?"

"ಕಬ್ಬಿಣದ್ದು. ನಾಲಿಗೆ ಚಾಚು, ಹಾಕ್ತೀನಿ."

ಆಫ್ರಿಕದಿಂದ ಗುಜರಾತಿನವರು ಬಂದು ಮೆಲ್ಟನ್ ರಸ್ತೆಯಲ್ಲಿ ಹೋಟೆಲು ತೆರೆದರು. ತರಕಾರಿ ಹೆಚ್ಚುವವರ ಚಾಕು ಬೇಗ ಮೊಂಡಾಗುವುದಿಲ್ಲ, ಇವರಿಂದ ನನಗೇನು ಲಾಭ ಎಂದು ಗೊಣಗುತ್ತಿದ್ದ. ಅವರು ಕೊಟ್ಟ ಸಿಹಿಯನ್ನು ಮನೆ ತಲುಪುವ ಮೊದಲೇ ಮುಗಿಸುತ್ತಿದ್ದ.

ಸಮುದ್ರದ ಕಡೆ ರಜೆಗೆ ಹೋದರೆ, ಇಳಿದುಕೊಂಡ ಮನೆಯಲ್ಲಿ ಅವನು ಮೊದಲು ತೆರೆಯುತ್ತಿದ್ದದ್ದು ಟೆಲಿಫೋನ್ ಪುಸ್ತಕ. ದರ್ಬೋನಿ ಇದ್ದಾನೋ ನೋಡಬೇಕು. ಇಲ್ಲದಿದ್ದರೆ ಜೇಬಿನಿಂದ ಚಿಕ್ಕ ಸಾಣೆಕಲ್ಲು ತೆಗೆದು ಆ ಮನೆಯೊಡತಿಯ ಅಡಿಗೆಮನೆಗೆ ನುಗ್ಗುತ್ತಿದ್ದ. ಇದ್ದರೆ ಮೊಂಡು ಚಾಕುವಿನಲ್ಲೇ ಬ್ರೆಡ್ಡು ಹರಿದು ತಿನ್ನುತ್ತಿದ್ದ.

ಒಮ್ಮೆ ಮಾತ್ರ ಮೈಮರೆತ. ಹಲ್‌ನಲ್ಲಿರುವ ಒತ್ತೊರೀನೊ ದರ್ಬೋನಿಗಳಲ್ಲೆಲ್ಲ ಹಿರಿಯ, ನನಗೆ ಭಾವನಾಗಬೇಕು. ಅವನ ಮಗಳ ಮದುವೆಗೆ ಹೋಗಿದ್ದೆವು. ಹೋಟೆಲಿನ ಅಡಿಗೆಯವನು ಮಾಂಸವನ್ನು ಗರಗಸದಲ್ಲಿ ಕೊಯ್ಯುವಂತೆ ಕೊಯ್ಯುತ್ತಿದ್ದ. ವಿಜೀಲ್ಯೋ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದ. ಕೈ ತಡೆಯಲಿಲ್ಲ. ಎದ್ದು ಒಳಗೆ ಹೋಗಿ ಚಾಕು ತೆಗೆದುಕೊಂಡು ಸಾಣೆ ಹಿಡಿದುಕೊಟ್ಟ. ಅಡಿಗೆಯವನು ಖುಷಿಯಾಗಿ ಹೊರಗೆ ಬಂದು, ಎಲ್ಲರ ಮುಂದೆ ಒತ್ತೊರೀನೊಗೆ ಹೇಳಿದ, "ನಿಮ್ಮ ಈ ತಮ್ಮ ವಾರ ವಾರ ಬರೋ ಹಾಗಿದ್ರೆ ಎಷ್ಟು ಚೆನ್ನ!"

ಒತ್ತೊರೀನೊ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಆಮೇಲೆ ಬಹಳ ವರ್ಷ ಮಾತಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಕಾರ್ಡೂ ಇಲ್ಲ.

ಇಂಥ ತಪ್ಪಿಗೆ ಒಂದೇ ಪರಿಹಾರ. ಯಾರ ಊರಿನಲ್ಲಿ ಕೈಯಾಡಿಸಿದ್ದಾನೋ ಅವನಿಗೆ ತನ್ನ ಊರಿನಲ್ಲಿ ಒಂದು ದಿನ ಕೊಡಬೇಕು. ಒತ್ತೊರೀನೊ ಹಟ ಮಾಡಿ ತಡವಾಗಿ ಬಂದ. ನಮ್ಮ ಶೆಡ್ಡಿನಲ್ಲಿ ಕೂತು ಒಂದು ದಿನದ ಚಾಕುಗಳಿಗೆಲ್ಲ ಸಾಣೆ ಹಿಡಿದ. ವಿಜೀಲ್ಯೋ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ನಿನ್ನ ಕಲ್ಲು ಸರಿ ಇಲ್ಲ ಕಣೋ" ಎಂದ ಒತ್ತೊರೀನೊ.

"ಕಲ್ಲು ಸರಿಯಾಗೇ ಇದೆ. ನಿನಗೆ ವಯಸ್ಸಾಯ್ತು."

ಇಬ್ಬರೂ ನಕ್ಕರು. ಊಟಕ್ಕೆ ಕೂತರು.

ಫ್ಲಾವಿಯಾ ಒಬ್ಬಳೇ ಮಗಳು. ಚಿಕ್ಕಂದಿನಿಂದ ಶೆಡ್ಡಿನಲ್ಲೇ ಇರುತ್ತಿದ್ದಳು. ದೊಡ್ಡವಳಾಗಿ ಕಾಲುಚೀಲದ ಕಾರ್ಖಾನೆಗೆ ಸೇರಿದಳು. ಬಸ್ ಓಡಿಸುವ ಬ್ರಯನ್ ಪೆಗ್ ಎಂಬವನನ್ನು ಮದುವೆಯಾದಳು. ಒಳ್ಳೆಯವನು, ಕಡಿಮೆ ಮಾತು. ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ವಿಜೀಲ್ಯೋನ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಮೆಟ್ಟಿಲು ಹತ್ತಿದರೆ ಉಬ್ಬಸ. ಅವಳು ವ್ಯಾನಿನ ಕೀಲಿ ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ. ಸಂಜೆ ಚಾಕುಗಳನ್ನು ಅವನ ಮಂಚದ ಬಳಿ ತರುತ್ತಿದ್ದಳು. ಅವನು ಅವಳ ಮುಂಗೈಯ ಮೇಲೆ ಅಲಗು ಎಳೆದು ನೋಡಿ, ಸರಿಯಿದ್ದರೆ ಸುಮ್ಮನಿರುತ್ತಿದ್ದ, ಸರಿಯಿಲ್ಲದಿದ್ದರೆ ವಾಪಸು ಕೊಡುತ್ತಿದ್ದ. ವಾಪಸು ಕೊಡುವುದು ಕಡಿಮೆಯಾಗುತ್ತ ಬಂತು. ಆಮೇಲೆ ಅವನಿಗೆ ಚಾಕು ಎತ್ತಲು ಆಗಲಿಲ್ಲ. ಆಮೇಲೆ ಸತ್ತ. ಆಸ್ಪತ್ರೆಯಲ್ಲಿ, ಬೆಳಗಿನ ಹೊತ್ತು. ನಾನು ಕಾಫಿ ತರಲು ಹೋಗಿದ್ದೆ.

ಭಾನುವಾರ ಅವರೆಲ್ಲ ಬಂದರು. ಊರು ಕೈ ಬದಲಾಗುವಾಗ ದರ್ಬೋನಿಗಳು ಸತ್ತವನ ಮೇಜಿಗೆ ಕೂರುತ್ತಾರೆ. ಬೇರೆ ಹೆಸರಿನವರು ಕೂರುವಂತಿಲ್ಲ. ಗಂಡ ಬದುಕಿರುವ ತನಕ ದರ್ಬೋನಿಗಳ ಹೆಂಡತಿಯರೂ ಬಡಿಸುತ್ತಾರೆ, ಕೂರುವುದಿಲ್ಲ. ವಿಧವೆ ಮಾತ್ರ ಗಂಡನ ಕುರ್ಚಿಯಲ್ಲಿ ಕೂರುತ್ತಾಳೆ, ಅವಳಿಗೆ ಮಾತಿದೆ. ಆಗಸ್ಟಿನಲ್ಲಿ ಕಣಿವೆಯಲ್ಲಿ ಹೆಸರಿನವರೆಲ್ಲ ಸೇರುವಾಗಲೂ ಬದುಕಿರುವ ತನಕ ಆ ಜಾಗ ಅವಳದು. ಹಿರಿಯನು ಸತ್ತವನ ಸ್ವಂತ ಚಾಕುವನ್ನು ಯಾರ ಮುಂದೆ ಇಡುತ್ತಾನೋ ಊರು ಅವರಿಗೆ.

ಮುದ್ದೆಯನ್ನು ದಾರದಲ್ಲಿ ಕೊಯ್ದು ಹಂಚಿದೆ. ಊಟ ಮುಗಿಯಿತು. ಒತ್ತೊರೀನೊ ಬಾಯಿ ಒರೆಸಿಕೊಂಡ.

"ಲೆಸ್ಟರ್ ಖಾಲಿಯಾಗಿದೆ. ಕೇಳೋರು ಯಾರು?"

"ನನ್ನ ಮಗ ದೀನೊ" ಎಂದ ಫೌಸ್ತೊ. "ಹತ್ತಿರದ ರಕ್ತ ನಮ್ಮದೇ."

ದೀನೊ ಕವೆಂಟ್ರಿಯಲ್ಲಿ ಮೊಬೈಲ್ ಫೋನ್ ಮಾರುತ್ತಾನೆ. ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದ.

"ನಿನಗೆ ಬೇಕೇನೋ?" ಎಂದು ಒತ್ತೊರೀನೊ ಅವನನ್ನೇ ಕೇಳಿದ.

"ಅಪ್ಪ ಬೇಕು ಅಂದ್ರೆ ಬೇಕು ದೊಡ್ಡಪ್ಪ."

"ನಿಮ್ಮಪ್ಪನ್ನ ಕೇಳ್ಲಿಲ್ಲ ನಾನು."

"ಕಲೀತಾನೆ ಬಿಡಣ್ಣ" ಎಂದ ಫೌಸ್ತೊ. "ನಾವೇನು ಹೊಟ್ಟೇಲೇ ಕಲ್ತು ಬಂದ್ವಾ?"

ನಾನು ಹೇಳಿದೆ, "ಫ್ಲಾವಿಯಾ ಕೇಳ್ತಾಳೆ."

ಫೌಸ್ತೊ ನಕ್ಕ. "ಅತ್ತಿಗೆ, ಬಸ್ಸಿನೋನ ಹೆಂಡ್ತಿಗೆ ಊರು ಕೊಟ್ರೆ ಚಾಕು ಕೊಟ್ಟು ಟಿಕೆಟ್ ಹರೀತಾಳೆ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಫ್ಲಾವಿಯಾ ಸುಮ್ಮನಿರಲಿಲ್ಲ. "ಚಿಕ್ಕಪ್ಪ, ಈಗ ನೀವು ಮಾಂಸ ಕೊಯ್ದ ಚಾಕುಗೆ ಸಾಣೆ ಹಿಡಿದಿದ್ದು ನಾನು. ಬೆರಳು ಎಲ್ಲಾ ಇದಾವಾ ನೋಡ್ಕೊಳ್ಳಿ."

ನ್ಯೂಪೋರ್ಟಿನವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಒತ್ತೊರೀನೊ ನಗಲಿಲ್ಲ. "ಕೆಲಸದ ಮಾತಲ್ಲ ಮಗಳೇ. ನಿನ್ನ ಕೆಲಸ ನೋಡಿದೀನಿ. ಹೆಸರಿನ ಮಾತು. ನೀನು ಪೆಗ್."

ನಾನು ಕೇಳಿದೆ, "ಭಾವ, ಇದು ಯಾವೂರ ಪದ್ಧತಿ?"

"ಯಾವೂರ ಅಂದ್ರೆ? ನಮ್ಮ ಕಣಿವೇದು."

"ಇಂಗ್ಲಿಷರದಲ್ಲ?"

"ಅವ್ರಿಗೂ ಇದಕ್ಕೂ ಏನು?"

"ಕಣಿವೇಲಿ ನಿಮ್ಮಮ್ಮನ ಗೋರಿ ಇದೆಯಲ್ಲ. ಅದರ ಮೇಲೆ ಯಾವ ಹೆಸರು ಕೆತ್ತಿದೆ?"

ಅವನು ನನ್ನ ಮುಖ ನೋಡಿದ. ತಡೆದು ಹೇಳಿದ, "ಪೊವಿನೆಲ್ಲಿ ಜೆಲ್ಸೊಮೀನಾ."

"ದರ್ಬೋನಿಯನ್ನ ಕಟ್ಕೊಂಡು ಬಾಳಿದೋಳು. ದರ್ಬೋನಿ ಅಂತ ಯಾಕೆ ಕೆತ್ತಿಲ್ಲ?"

"ಅಲ್ಲಿ ಹೆಣ್ಣು ಹುಟ್ಟಿದ ಹೆಸರಲ್ಲೇ ಸಾಯೋದು. ಮದುವೆಗೂ ಹೆಸರಿಗೂ ಸಂಬಂಧ ಇಲ್ಲ. ಎಲ್ಲಾರಿಗೂ ಗೊತ್ತಿರೋದೇ."

"ಹಂಗಾದ್ರೆ ಫ್ಲಾವಿಯಾ ದರ್ಬೋನಿ."

ದೀನೊ ತನ್ನ ಅಪ್ಪನ ಕಡೆ ನೋಡಿದ. ಫೌಸ್ತೊ ಮೇಜು ತಟ್ಟಿದ. "ಅವಳ ಮದುವೆ ಇಲ್ಲಾಯ್ತು. ಇಲ್ಲಿನ ಚರ್ಚು, ಇಲ್ಲಿನ ಕಾನೂನು."

"ಹೆಸರು ಇಲ್ಲೀದು, ಪದ್ಧತಿ ಅಲ್ಲೀದು ಅಂದ್ರೆ ಹೇಗಪ್ಪ ಫೌಸ್ತೊ? ಅರ್ಧ ಕೋಳಿ ಅಡಿಗೆಗೆ, ಅರ್ಧ ಕೋಳಿ ಮೊಟ್ಟೆಗೆ ಇಟ್ಕೊಂಡ ಹಾಗಾಯ್ತು."

"ಎರ್ಸಿಲ್ಯಾ" ಎಂದ ಒತ್ತೊರೀನೊ. ಅವನು ನನ್ನ ಹೆಸರು ಹಿಡಿದು ಕರೆಯುವುದು ಅಪರೂಪ. "ಯೋಚನೆ ಮಾಡಿ ಆಡ್ತಿದೀಯಾ? ಕಣಿವೆ ಲೆಕ್ಕ ಹಿಡಿದ್ರೆ ನೀನು ಬೊನಾಪಾಚೆ, ನಿಮ್ಮಪ್ಪನ ಹೆಸರಿನೋಳು. ವಿಧವೇನ ದರ್ಬೋನಿ ಅಂತ ಈ ಮೇಜಿಗೆ ಕೂರಿಸ್ತಿರೋದು ಇಲ್ಲಿನ ಲೆಕ್ಕದಲ್ಲಿ. ಹೆಂಡ್ತಿಗೆ ಗಂಡನ ಹೆಸರು ಅಂತ. ನಿನ್ನ ಮಾತು ನಿಂತ್ರೆ ನಿನ್ನ ಕುರ್ಚಿ ಹೋಗುತ್ತೆ. ಆಗಸ್ಟಿಗೂ ನಿನಗೆ ಜಾಗ ಇರಲ್ಲ. ನನ್ನ ಮೇಲೆ ಬೇಜಾರು ಮಾಡ್ಕೋಬೇಡ, ಎರಡೂ ಕಡೆ ಕೂರೋಕೆ ಬಿಡಲ್ಲ."

"ಗೊತ್ತು ಭಾವ."

ಗೊತ್ತಿತ್ತು. ಫೌಸ್ತೊ ಫೋನ್ ಮಾಡಿದ ದಿನದಿಂದ ಅದನ್ನೇ ಯೋಚಿಸಿದ್ದೆ. ಈ ದೇಶಕ್ಕೆ ಬಂದಾಗ ನನಗೆ ಇಲ್ಲಿಯ ಭಾಷೆ ಬರುತ್ತಿರಲಿಲ್ಲ. ಮೊದಲು ಕಲಿತ ಎರಡು ಮಾತು ಮಿಸೆಸ್ ದರ್ಬೋನಿ. ಯಾರು ಏನು ಕೇಳಿದರೂ ಅದನ್ನೇ ಹೇಳುತ್ತಿದ್ದೆ. ಅಂಗಡಿಯವರು, ಡಾಕ್ಟರು, ಅಂಚೆಯವನು, ನನ್ನ ಮಗಳ ಟೀಚರು, ಎಲ್ಲರಿಗೂ ನಾನು ಅದೇ. ಬೊನಾಪಾಚೆ ಎಂದು ಕರೆಯುತ್ತಿದ್ದವರು ಸತ್ತಿದ್ದಾರೆ.

ಕುರ್ಚಿಯಿಂದ ಎದ್ದೆ. ತಟ್ಟೆ ತೆಗೆದುಕೊಂಡೆ.

"ಅಮ್ಮಾ, ಏನ್ಮಾಡ್ತಿದೀಯ? ಕೂತ್ಕೊ" ಎಂದಳು ಫ್ಲಾವಿಯಾ.

"ನೀನು ಕೂತ್ಕೊ. ಅಲ್ಲಿ ಹೆಸರಿನವರು ಕೂರೋದು."

ಅವಳು ನಿಂತೇ ಇದ್ದಳು. ಒತ್ತೊರೀನೊ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ಕೂತಳು. ನಾನು ಅಡಿಗೆಮನೆಗೆ ಹೋಗಿ ಉಳಿದ ಹೆಂಗಸರ ಜೊತೆ ನಿಂತೆ. ಡಂಡೀಯವನ ಹೆಂಡತಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ತೊಳೆದಳು.

ಫೌಸ್ತೊನ ಧ್ವನಿ ಕೇಳಿಸಿತು. "ಇವಳಾದ ಮೇಲೆ? ಇವಳ ಮಕ್ಕಳು ಎಲ್ಲಿಯ ಲೆಕ್ಕ ಹಿಡಿದ್ರೂ ಪೆಗ್‌ಗಳೇ. ಅಲ್ಲಿಗೆ ಲೆಸ್ಟರಿನಲ್ಲಿ ದರ್ಬೋನಿ ಅನ್ನೋದು ಮುಗೀತು."

ನನಗೆ ಉತ್ತರ ಇತ್ತು. ಆದರೆ ಕುರ್ಚಿ ಬಿಟ್ಟವಳಿಗೆ ಅಲ್ಲಿ ಮಾತಿಲ್ಲ. ಫ್ಲಾವಿಯಾ ಹೇಳಿದಳು, "ಮುಗಿದಾಗ ಮುಗೀಲಿ ಚಿಕ್ಕಪ್ಪ. ನಾಳೆ ಸೋಮವಾರ. ಮಾರ್ಕೆಟ್ಟಿನವರಿಗೆ ಚಾಕು ಬೇಕು. ದೀನೊ ಬೆಳಿಗ್ಗೆ ಐದಕ್ಕೆ ಏಳ್ತಾನಾ?"

"ಐದಕ್ಕಾ?" ಎಂದ ದೀನೊ.

ಯಾರೋ ನಕ್ಕರು. ಆಮೇಲೆ ಚಾಕುವಿನ ಹಿಡಿ ಮೇಜಿನ ಮರಕ್ಕೆ ತಾಗಿದ ಸದ್ದು. ಯಾರ ಮುಂದೆ ಎಂದು ನಾನು ಇಣುಕಿ ನೋಡಲಿಲ್ಲ. ಫೌಸ್ತೊ ಕೋಟು ಹಾಕಿಕೊಂಡು ಹೊರಟದ್ದರಿಂದ ತಿಳಿಯಿತು. ಬಾಗಿಲಲ್ಲಿ ನಿಂತು, "ಬರ್ತೀನಿ ಅತ್ತಿಗೆ" ಎಂದ. ಎಂದ ಮೇಲೆ, ಹಾಗೆ ಕರೆಯಬಹುದೋ ಬಾರದೋ ಎಂದು ಅನುಮಾನಿಸುವವನಂತೆ ನಿಂತ.

"ಹೋಗಿ ಬಾ" ಎಂದೆ.

ಏಪ್ರಿಲ್‌ನಲ್ಲಿ ವಿಜೀಲ್ಯೋನ ಗೋರಿಗೆ ಕಲ್ಲು ಮಾಡಲು ಹೇಳಿ ಬರೋಣವೆಂದು ಹೋದೆ. ಫ್ಲಾವಿಯಾಗೆ ಸುತ್ತಿನ ದಿನ, ಒಬ್ಬಳೇ ಬಸ್ಸಿನಲ್ಲಿ ಹೋದೆ. ಕಲ್ಲು ಕೆತ್ತುವವನು ಕಾಗದದ ಮೇಲೆ ವಿಜೀಲ್ಯೋನ ಹೆಸರು ಬರೆದು ತೋರಿಸಿದ. ಚೆನ್ನಾಗಿತ್ತು.

"ಕೆಳಗೆ ನಿಮಗೆ ಜಾಗ ಬಿಟ್ಟಿರ್ತೀನಿ ಮಿಸೆಸ್ ದರ್ಬೋನಿ. ಎರಡನೇ ಸಲ ಮನೆತನದ ಹೆಸರು ಹಾಕೋದು ಬೇಡ, ಮೇಲೆ ಇದೆಯಲ್ಲ. ಬರೀ ನಿಮ್ಮ ಹೆಸರು ಸಾಕು."

"ಸಾಲದು. ಬೊನಾಪಾಚೆ ಎರ್ಸಿಲ್ಯಾ ಅಂತ ಹಿಡಿಸೋ ಅಷ್ಟು ಜಾಗ ಬಿಡಿ."

"ಅದ್ಯಾರು?"

"ನಾನೇ."

ಅವನು ಅಳತೆಪಟ್ಟಿ ಇಟ್ಟು ನೋಡಿದ. "ಉದ್ದ ಆಗುತ್ತೆ. ಅಕ್ಷರ ಚಿಕ್ಕದು ಮಾಡ್ಬೇಕು."

"ಮಾಡಿ" ಎಂದೆ.